ಸೇಡಂ ಕಲ್ಲಿನಡಿಯ ಸಹಸ್ರಪದಿಗೆ ಆಫ್ರಿಕಾದ ಹೆಸರೇಕೆ?

ಮುಂಗಾರಿನ ಒಂದೆರಡು ಒಳ್ಳೆಯ ಮಳೆ ಬಿದ್ದ ಮೇಲೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ಯಾವುದಾದರೊಂದು ಊರಿನಲ್ಲಿ ಅಂಗಳದ ಮೂಲೆಯ ಹಾಸುಗಲ್ಲನ್ನು, ಅಲ್ಲಿಯವರ ಮಾತಿನಲ್ಲಿ ಫರಸಿಯನ್ನು, ಮೆಲ್ಲಗೆ ಎತ್ತಿ ನೋಡಿ. ಒದ್ದೆ ಮಣ್ಣಿನ ಮೇಲೆ ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡ ಜೀವಿಯೊಂದು ಕಂಡೀತು. ಸ್ವಲ್ಪ ಹೊತ್ತು ಸುಮ್ಮನೆ ಕಾದರೆ ಅದು ಸುರುಳಿ ಬಿಚ್ಚಿ, ಕಾಲುಗಳ ಅಲೆಯನ್ನು ಹಿಂದಿನಿಂದ ಮುಂದಕ್ಕೆ ಹರಿಸುತ್ತ ಗೂಡ್ಸ್ ಗಾಡಿಯಂತೆ ನಿಧಾನವಾಗಿ ಸಾಗುತ್ತದೆ. ಇದೇ ಸಹಸ್ರಪದಿ. ನಾಡಿನ ಬೇರೆ ಬೇರೆ ಕಡೆ ಚೋರಟೆ, ಒನಕೆಹುಳ, ಸಾವಿರಕಾಲು ಎಂದೂ ಇದನ್ನು ಕರೆಯುತ್ತಾರೆ.

ಕೆಲವು ವರ್ಷಗಳ ಹಿಂದೆ ಶಾಲಾ ಮಕ್ಕಳ ಒಂದು ತಂಡಕ್ಕೆ ನಾನು ಮಾರ್ಗದರ್ಶಕನಾಗಿದ್ದೆ. 'ನಮ್ಮ ಕಲ್ಲುಗಳ ಕೆಳಗಿನ ಜೀವಿಗಳು' ಎಂಬುದು ಅವರ ಯೋಜನೆ. ಮಕ್ಕಳು ಒಂದು ದೊಡ್ಡ ಸಹಸ್ರಪದಿಯ ಚಿತ್ರ ತೆಗೆದರು. ಹೆಸರು ಬೇಕಿತ್ತು. ಚಿತ್ರ ನೋಡಿ ಹೆಸರು ಹೇಳುವ ತಂತ್ರಾಂಶದ ನೆರವು ಪಡೆದೆವು. ಕಪ್ಪು ಮೈ, ಉರುಳೆಯಾಕಾರ, ಅನೇಕ ಕಾಲುಗಳು. ತೆರೆಯ ಮೇಲೆ ಬಂದ ಚಿತ್ರಕ್ಕೂ ನಮ್ಮ ಚಿತ್ರಕ್ಕೂ ವ್ಯತ್ಯಾಸ ಕಾಣಲಿಲ್ಲ. ಮಕ್ಕಳು ದಪ್ಪ ಅಕ್ಷರಗಳಲ್ಲಿ 'ಆಫ್ರಿಕಾದ ದೈತ್ಯ ಸಹಸ್ರಪದಿ' ಎಂದು ಬರೆದರು. ನಾನು ಒಪ್ಪಿಗೆ ಕೊಟ್ಟೆ. ಪ್ರದರ್ಶನದ ದಿನ ಬೇರೊಂದು ಶಾಲೆಯ ಹುಡುಗಿ ಫಲಕದ ಮುಂದೆ ನಿಂತು ಕೇಳಿದಳು: "ಸರ್, ಇದು ಆಫ್ರಿಕಾದ್ದು ಅಂದ್ರ ಸೇಡಮ್ಮಿಗೆ ಹ್ಯಾಂಗ ಬಂತು?" ಹಡಗಿನಲ್ಲಿ ಬಂದಿರಬಹುದು ಎಂದು ಹೇಳಿ ನಾನು ಪಾರಾದೆ. ಆ ಉತ್ತರಕ್ಕೆ ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ.

ಆ ಫಲಕದ ವಿಮರ್ಶೆಯೇ ಈ ಲೇಖನ. ತಪ್ಪು ಮಾಡಿದವನು ನಾನೇ ಆದ್ದರಿಂದ ಬೇರೆ ಯಾರನ್ನೂ ಇಲ್ಲಿ ದೂರುತ್ತಿಲ್ಲ. ಆದರೆ ಇಂಥ ತಪ್ಪು ನಮ್ಮ ಶಾಲೆ, ಕಾಲೇಜುಗಳಲ್ಲಿ ಹೇಗೆ ಹುಟ್ಟುತ್ತದೆ, ಅದರಿಂದ ಏನು ನಷ್ಟ ಎಂಬುದನ್ನು ನೀವೂ ನಾನೂ ಕೂಡಿ ಪರಿಶೀಲಿಸಬೇಕಾಗಿದೆ.

ಒಂದು ಹೆಸರು, ಮೂರು ಹೇಳಿಕೆ

ಪ್ರಭೇದದ ಹೆಸರು ಬರೆಯುವುದು ಬರೀ ಚೀಟಿ ಅಂಟಿಸುವ ಕೆಲಸವಲ್ಲ. ಅದೊಂದು ವೈಜ್ಞಾನಿಕ ಹೇಳಿಕೆ. ನಮ್ಮ ಫಲಕ ಒಂದೇ ಸಾಲಿನಲ್ಲಿ ಮೂರು ಹೇಳಿಕೆಗಳನ್ನು ಮಾಡಿತ್ತು. ಒಂದು, ಈ ಜೀವಿ ಒಂದು ನಿರ್ದಿಷ್ಟ ಪ್ರಭೇದಕ್ಕೆ ಸೇರಿದೆ. ಎರಡು, ಆ ಪ್ರಭೇದದ ಮೂಲ ನೆಲೆ ಆಫ್ರಿಕಾ. ಮೂರು, ಅದು ಅಲ್ಲಿಂದ ಇಲ್ಲಿಗೆ ಬಂದು ನೆಲೆಸಿದೆ. ಇವುಗಳಲ್ಲಿ ಎರಡನೆಯದು ಮಾತ್ರ ಸರಿ.

ಆಫ್ರಿಕಾದ ದೈತ್ಯ ಸಹಸ್ರಪದಿ ಎಂದು ಹೆಸರಾದ ಪ್ರಭೇದ ಆರ್ಕಿಸ್ಪೈರೋಸ್ಟ್ರೆಪ್ಟಸ್ ಗೈಗಾಸ್. ಜರ್ಮನಿಯ ನಿಸರ್ಗ ವಿಜ್ಞಾನಿ ವಿಲ್ಹೆಲ್ಮ್ ಪೀಟರ್ಸ್ 1840ರ ದಶಕದಲ್ಲಿ ಮೊಜಾಂಬಿಕ್‌ನಲ್ಲಿ ಸಂಚರಿಸಿ ಸಂಗ್ರಹಿಸಿದ ಜೀವಿಗಳಲ್ಲಿ ಇದೂ ಒಂದು. 1855ರಲ್ಲಿ ಅವನು ಇದನ್ನು ಸ್ಪೈರೋಸ್ಟ್ರೆಪ್ಟಸ್ ಗೈಗಾಸ್ ಎಂಬ ಹೆಸರಿನಲ್ಲಿ ವಿವರಿಸಿದ. ಅನಂತರ ಅದನ್ನು ಬೇರೆ ಕುಲಕ್ಕೆ ಸೇರಿಸಲಾಯಿತು. ಆದ್ದರಿಂದಲೇ ಇಂದು ಪ್ರಭೇದದ ಹೆಸರಿನ ಮುಂದೆ ಪೀಟರ್ಸ್ ಹೆಸರನ್ನೂ ವರ್ಷವನ್ನೂ ಕಂಸದೊಳಗೆ ಬರೆಯುತ್ತಾರೆ. ಕಂಸ ಕಂಡರೆ ಕುಲ ಬದಲಾಗಿದೆ ಎಂದು ತಿಳಿಯಬೇಕು. ಇದು ಪ್ರಾಣಿ ನಾಮಕರಣದ ಒಂದು ನಿಯಮ. ಪೂರ್ವ ಆಫ್ರಿಕಾದ ತಗ್ಗು ಪ್ರದೇಶಗಳ ಈ ಜೀವಿ 30 ಸೆಂ.ಮೀ.ಗೂ ಮೀರಿ ಬೆಳೆಯುತ್ತದೆ. ಮೃಗಾಲಯಗಳಲ್ಲಿಯೂ ಹವ್ಯಾಸಿಗಳ ಮನೆಗಳಲ್ಲಿಯೂ ಸಾಕುವುದರಿಂದ ಇದರ ಚಿತ್ರಗಳು ಜಗತ್ತಿನಾದ್ಯಂತ ಹೇರಳವಾಗಿವೆ.

ತಪ್ಪಿನ ಮೊದಲ ಮೂಲ ಇಲ್ಲಿದೆ. ಚಿತ್ರ ಹೋಲಿಸುವ ತಂತ್ರಾಂಶ ತನ್ನಲ್ಲಿರುವ ಚಿತ್ರಗಳೊಂದಿಗೆ ಮಾತ್ರ ಹೋಲಿಸಬಲ್ಲದು. ಯಾವ ಪ್ರಾಣಿಯ ಚಿತ್ರ ಹೆಚ್ಚು ಇದೆಯೋ ಅದರ ಹೆಸರು ಮೊದಲು ಬರುವ ಸಾಧ್ಯತೆ ಹೆಚ್ಚು. ಸೇಡಮ್ಮಿನ ಸಹಸ್ರಪದಿಯನ್ನು ಸರಿಯಾಗಿ ಗುರುತಿಸಿ ಚಿತ್ರ ಸೇರಿಸಿದವರಿಲ್ಲದಿದ್ದರೆ ಆ ಹೆಸರು ತೆರೆಯ ಮೇಲೆ ಬರುವುದಾದರೂ ಹೇಗೆ? ಹುಡುಕುವವನ ಕೈಗೆ ಹತ್ತಿರದ ಹೆಸರು ಸಿಗುತ್ತದೆ. ಹತ್ತಿರದ ಹೆಸರು ಸರಿಯಾದ ಹೆಸರೇ ಆಗಿರಬೇಕಾಗಿಲ್ಲ.

ಗಾಜಿನ ಭರಣಿಯ 'ಜೂಲಸ್'

ಇದು ಗಣಕಯಂತ್ರ ತಂದ ತಪ್ಪು ಎಂದು ನಾವು ಹಿರಿಯರು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ನಿಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದ ಕಪಾಟನ್ನು ತೆರೆಯಿರಿ. ಫಾರ್ಮಲಿನ್ ತುಂಬಿದ ಭರಣಿಯೊಂದರಲ್ಲಿ ಬಣ್ಣಗೆಟ್ಟ ಸಹಸ್ರಪದಿ ಇದ್ದರೆ, ಅದರ ಚೀಟಿಯ ಮೇಲೆ ಬಹುಮಟ್ಟಿಗೆ 'ಜೂಲಸ್' ಎಂದಿರುತ್ತದೆ. ಪಠ್ಯಪುಸ್ತಕಗಳು ಸಂಧಿಪದಿಗಳಿಗೆ ಉದಾಹರಣೆ ಕೊಡುವಾಗ ಬರೆಯುತ್ತ ಬಂದದ್ದೂ ಅದನ್ನೇ.

ಜೂಲಸ್ ಕುಲವನ್ನು ಸ್ಥಾಪಿಸಿದವನು ಲಿನೇಯಸ್, 1758ರಲ್ಲಿ. ಆಗ ತಿಳಿದಿದ್ದ ಸಹಸ್ರಪದಿಗಳು ಕೆಲವೇ ಆದ್ದರಿಂದ ಅವೆಲ್ಲ ಆ ಒಂದು ಕುಲದಲ್ಲಿಯೇ ಹಿಡಿಸಿದವು. ದಕ್ಷಿಣ ಭಾರತದ ಹುಲ್ಲು, ಗರಿಗಳ ಸೂರುಗಳಲ್ಲಿ ಗುಂಪು ಗುಂಪಾಗಿ ಕಾಣುವ ಕೆಂಪು ಕಾಲಿನ ಪ್ರಭೇದವನ್ನೂ 1775ರಲ್ಲಿ ಫ್ಯಾಬ್ರಿಸಿಯಸ್ ಜೂಲಸ್ ಕಾರ್ನಿಫೆಕ್ಸ್ ಎಂದೇ ಕರೆದ. ಇಂದು ಅದು ಝೆನೋಬೋಲಸ್ ಕಾರ್ನಿಫೆಕ್ಸ್. ಅದರ ಕುಲ ಮಾತ್ರವಲ್ಲ, ಗಣವೇ ಬೇರೆ. ಜೂಲಸ್ ಎಂಬ ಹೆಸರು ಈಗ ಮುಖ್ಯವಾಗಿ ಯೂರೋಪಿನ ಕೆಲವು ಪ್ರಭೇದಗಳಿಗೆ ಸೀಮಿತವಾಗಿದೆ. ಅಂದರೆ ನಮ್ಮ ಭರಣಿಯ ಚೀಟಿ ಹದಿನೆಂಟನೆಯ ಶತಮಾನದಲ್ಲಿಯೇ ನಿಂತಿದೆ. ಅದು ನಮ್ಮ ಪ್ರಾಣಿಗೆ ಯೂರೋಪಿನ ಹೆಸರು ಕೊಟ್ಟಿತು. ನಾನು ಆಫ್ರಿಕಾದ ಹೆಸರು ಕೊಟ್ಟೆ. ಎರಡೂ ಕಡೆ ಆದದ್ದು ಒಂದೇ: ಪ್ರಾಣಿಯನ್ನು ನೋಡುವ ಮೊದಲೇ ಹೆಸರು ಸಿದ್ಧವಾಗಿತ್ತು.

ಗಾತ್ರ, ಬಣ್ಣ, ಕಾಲಿನ ಲೆಕ್ಕ

ಹಾಗಾದರೆ ಪ್ರಾಣಿಯನ್ನು ನೋಡುವುದು ಎಂದರೇನು? ನಾವು ಸಾಮಾನ್ಯವಾಗಿ ಗಮನಿಸುವ ಮೂರು ಲಕ್ಷಣಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಗಾತ್ರ: ಸಹಸ್ರಪದಿ ಮೊಟ್ಟೆಯಿಂದ ಹೊರಬಂದಾಗ ಅದಕ್ಕೆ ಸಾಮಾನ್ಯವಾಗಿ ಮೂರೇ ಜೊತೆ ಕಾಲು. ಪ್ರತಿ ಸಲ ಪೊರೆ ಕಳಚಿದಾಗ ದೇಹದ ಹಿಂತುದಿಯ ಬಳಿ ಹೊಸ ಖಂಡಗಳು ಸೇರುತ್ತವೆ. ಒಂದೇ ಪ್ರಭೇದದ ಮರಿ ಎರಡು ಸೆಂ.ಮೀ., ಪ್ರೌಢಜೀವಿ ಹದಿನೈದು ಸೆಂ.ಮೀ. ಇರಬಹುದು. ಆದ್ದರಿಂದ ವಯಸ್ಸು ತಿಳಿಯದೆ ಗಾತ್ರವನ್ನು ನಂಬುವಂತಿಲ್ಲ.

ಬಣ್ಣ: ಪೊರೆ ಕಳಚಿದ ಕೂಡಲೇ ಮೈ ತಿಳಿ ಬಣ್ಣದ್ದಾಗಿರುತ್ತದೆ, ಗಟ್ಟಿಯಾಗುತ್ತ ಕಪ್ಪಾಗುತ್ತದೆ. ಮದ್ಯಸಾರದಲ್ಲಿಟ್ಟರೆ ಬಣ್ಣ ಮಾಸುತ್ತದೆ. ಕಪ್ಪು ಅಥವಾ ಕಂದು ಬಣ್ಣದ ಉರುಳೆಯಾಕಾರದ ಸಹಸ್ರಪದಿಗಳು ಎಲ್ಲ ಉಷ್ಣ ಪ್ರದೇಶಗಳಲ್ಲಿಯೂ ಇವೆ. ಬಣ್ಣದ ಒಂದು ಗುಣ ಮಾತ್ರ ನಿಶ್ಚಿತ: ಅದು ನೋಡುವವನನ್ನು ಬೇಗ ಒಲಿಸಿಕೊಳ್ಳುತ್ತದೆ.

ಕಾಲಿನ ಸಂಖ್ಯೆ: ಇದು ಲೆಕ್ಕ ಹಾಕಲು ಒಳ್ಳೆಯ ಅಭ್ಯಾಸ. ತಲೆಯ ಹಿಂದಿನ ಮೊದಲ ಖಂಡವಾದ ಕೊರಳಪಟ್ಟಿಗೆ ಕಾಲಿಲ್ಲ. ಮುಂದಿನ ಮೂರು ಖಂಡಗಳಿಗೆ ಸಾಮಾನ್ಯವಾಗಿ ಒಂದೊಂದು ಜೊತೆ. ಅನಂತರದವು ಜೋಡಿಖಂಡಗಳು, ಎರಡೆರಡು ಜೊತೆ ಕಾಲು. ತುದಿಯ ಖಂಡಕ್ಕೂ ಅದರ ಮುಂದಿನ ಎಳೆಯ ಖಂಡಗಳಿಗೂ ಕಾಲಿರುವುದಿಲ್ಲ. ಒಟ್ಟು 50 ಖಂಡಗಳಿದ್ದು ಕೊನೆಯ ಎರಡು ಕಾಲಿಲ್ಲದವು ಎಂದುಕೊಳ್ಳಿ. ಆಗ ಮೂರು ಜೊತೆ, ಜೊತೆಗೆ 44 ಖಂಡಗಳ 88 ಜೊತೆ. ಒಟ್ಟು 91 ಜೊತೆ, ಅಂದರೆ 182 ಕಾಲು. ಅದೇ ಪ್ರಾಣಿ ಇನ್ನೊಮ್ಮೆ ಪೊರೆ ಕಳಚಿದರೆ ಈ ಲೆಕ್ಕ ಬದಲಾಗಬಹುದು. ಆದ್ದರಿಂದ ಉರುಳೆ ಸಹಸ್ರಪದಿಗಳ ಪ್ರಭೇದ ನಿರ್ಧಾರಕ್ಕೆ ಕಾಲಿನ ಸಂಖ್ಯೆಯೊಂದೇ ಸಾಲದು.

ಈ ಸಂದರ್ಭದಲ್ಲಿ ಶಿಕ್ಷಕರಿಗೆ ಒಂದು ಮಾತು. 'ಸಹಸ್ರಪದಿ ಎಂದು ಹೆಸರಿದ್ದರೂ ಯಾವುದಕ್ಕೂ ಸಾವಿರ ಕಾಲಿಲ್ಲ' ಎಂದು ನಾವು ವರ್ಷಗಟ್ಟಲೆ ಪಾಠ ಮಾಡಿದ್ದೇವೆ. ಕ್ಯಾಲಿಫೋರ್ನಿಯಾದ ಇಲ್ಲಾಕ್ಮೆ ಪ್ಲೆನಿಪೆಸ್‌ನ 750 ಕಾಲುಗಳೇ ದಾಖಲೆಯಾಗಿದ್ದ ಕಾಲಕ್ಕೆ ಆ ವಾಕ್ಯ ಸರಿಯಿತ್ತು. 2021ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗಣಿ ಪ್ರದೇಶದ ಕೊಳವೆ ರಂಧ್ರದಲ್ಲಿ, ನೆಲದಿಂದ ಸುಮಾರು 60 ಮೀಟರ್ ಆಳದಲ್ಲಿ ಸಿಕ್ಕ ಯೂಮಿಲ್ಲಿಪೆಸ್ ಪರ್ಸೆಫೋನೆ ಎಂಬ ಪ್ರಭೇದವನ್ನು ಪಾಲ್ ಮಾರೆಕ್ ಮತ್ತು ಸಂಗಡಿಗರು ವಿವರಿಸಿದರು. ಅದರ ಒಂದು ಹೆಣ್ಣಿಗೆ 1,306 ಕಾಲುಗಳಿದ್ದವು. ಉದ್ದ ಹತ್ತು ಸೆಂ.ಮೀ.ಗಿಂತ ಕಡಿಮೆ, ಅಗಲ ಒಂದು ಮಿ.ಮೀ.ಗಿಂತ ಕಡಿಮೆ. ನಮ್ಮ ಟಿಪ್ಪಣಿ ಪುಸ್ತಕದ ಆ ವಾಕ್ಯವನ್ನು ಈಗ ತಿದ್ದಲೇಬೇಕು.

ಏಳನೆಯ ಖಂಡದ ಸಾಕ್ಷ್ಯ

ಪ್ರಭೇದದ ಗುರುತು ಎಲ್ಲಿದೆ? ಉರುಳೆ ಸಹಸ್ರಪದಿಗಳಲ್ಲಿ ಅದು ಮುಖ್ಯವಾಗಿ ಪ್ರೌಢ ಗಂಡಿನ ಏಳನೆಯ ಖಂಡದಲ್ಲಿದೆ. ಅಲ್ಲಿನ ಎರಡು ಜೊತೆ ಕಾಲುಗಳು ನಡೆಯುವ ಕೆಲಸ ಬಿಟ್ಟು ವೀರ್ಯವನ್ನು ಹೆಣ್ಣಿಗೆ ತಲುಪಿಸುವ ಉಪಾಂಗಗಳಾಗಿ ಮಾರ್ಪಟ್ಟಿರುತ್ತವೆ. ಇವಕ್ಕೆ ಗೊನೊಪಾಡ್, ಅಂದರೆ ಜನನಪಾದ ಎಂದು ಹೆಸರು. ಸಾಮಾನ್ಯವಾಗಿ ಇವು ದೇಹದೊಳಗೆ ಸರಿದುಕೊಂಡಿರುವುದರಿಂದ ಹೊರಗಿನಿಂದ ನೋಡಿದರೆ ಕಾಲುಗಳ ಸಾಲಿನಲ್ಲಿ ಒಂದು ಖಾಲಿ ಜಾಗ ಮಾತ್ರ ಕಾಣುತ್ತದೆ. ಕೈಮಸೂರವಿದ್ದರೆ ಎಂಟನೆಯ ತರಗತಿಯ ವಿದ್ಯಾರ್ಥಿಯೂ ಆ ಖಾಲಿ ಜಾಗವನ್ನು ಗುರುತಿಸಿ 'ಇದು ಗಂಡು' ಎಂದು ಹೇಳಬಲ್ಲ.

ಒಂದೇ ಬಣ್ಣ, ಒಂದೇ ಗಾತ್ರದ ಎರಡು ಪ್ರಭೇದಗಳ ಜನನಪಾದಗಳು ಸೂಕ್ಷ್ಮದರ್ಶಕದಡಿ ಬೇರೆ ಬೇರೆ ಆಕಾರದ ಕೊಕ್ಕೆ, ಮಡಿಕೆ, ಚಾಚುಗಳನ್ನು ತೋರಿಸುತ್ತವೆ. ಪರಿಣತರು ಅವನ್ನು ಬೇರ್ಪಡಿಸಿ, ಹಲವು ಮಗ್ಗುಲುಗಳಿಂದ ಚಿತ್ರ ಬರೆದು, ಈಗಾಗಲೇ ವಿವರಿಸಿದ ಪ್ರಭೇದಗಳ ಚಿತ್ರಗಳೊಂದಿಗೆ ಹೋಲಿಸುತ್ತಾರೆ. ಈಚೆಗೆ ಡಿಎನ್‌ಎ ಸಾಕ್ಷ್ಯವನ್ನೂ ಸೇರಿಸುತ್ತಾರೆ.

ಇದರ ಮಹತ್ವ ತಿಳಿಯಲು ಆಫ್ರಿಕಾದ ಉದಾಹರಣೆಯನ್ನೇ ನೋಡಿ. ಟಾಂಜಾನಿಯಾದ ಉಡ್ಜುಂಗ್ವಾ ಬೆಟ್ಟಗಳ ಸಹಸ್ರಪದಿಗಳನ್ನು ಡೆನ್ಮಾರ್ಕಿನ ಹೆನ್ರಿಕ್ ಎಂಘಾಫ್ 2014ರಿಂದ ಲೇಖನಮಾಲೆಯೊಂದರಲ್ಲಿ ವಿವರಿಸುತ್ತ ಬಂದರು. ಆ ಬೆಟ್ಟಸಾಲಿಗಷ್ಟೇ ಸೀಮಿತವಾದ ಅನೇಕ ಹೊಸ ಪ್ರಭೇದಗಳು ಅದರಲ್ಲಿ ಬೆಳಕಿಗೆ ಬಂದವು. ಅವನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸಿದ್ದು ಹೆಚ್ಚಾಗಿ ಜನನಪಾದಗಳ ರಚನೆ. ಒಂದು ಬೆಟ್ಟಸಾಲಿನ ಸ್ಥಿತಿಯೇ ಹೀಗಿರುವಾಗ ಇಡೀ ಖಂಡಕ್ಕೆ ಒಂದೇ 'ಆಫ್ರಿಕಾದ ಸಹಸ್ರಪದಿ' ಇರಲು ಹೇಗೆ ಸಾಧ್ಯ?

ಈಗ ನಮ್ಮ ಫಲಕಕ್ಕೆ ಮರಳೋಣ. ಪೀಟರ್ಸನ ಗೈಗಾಸ್ ಸೇರುವುದು ಸ್ಪೈರೋಸ್ಟ್ರೆಪ್ಟಿಡಾ ಗಣದ ಸ್ಪೈರೋಸ್ಟ್ರೆಪ್ಟಿಡೇ ಕುಟುಂಬಕ್ಕೆ. ದಕ್ಷಿಣ ಏಷ್ಯಾದಲ್ಲಿ ಅದೇ ಗಣದ ದೊಡ್ಡ ಸಹಸ್ರಪದಿಗಳು ಬಹುಪಾಲು ಹಾರ್ಪಗೋಫೊರಿಡೇ ಎಂಬ ಬೇರೊಂದು ಕುಟುಂಬದವು. ಕಣ್ಣಳತೆಗೆ ಎರಡೂ ಒಂದೇ. ದಖನ್ನಿನ ಕಲ್ಲಿನಡಿ ದೊಡ್ಡ ಉರುಳೆ ಸಹಸ್ರಪದಿ ಕಂಡಾಗ ನಾವು ಮೊದಲು ಯೋಚಿಸಬೇಕಾದದ್ದು ಈ ಎರಡನೆಯ ಕುಟುಂಬವನ್ನು. ನಾನು ಗಂಡು ಯಾವುದೆಂದು ನೋಡಲಿಲ್ಲ, ಏಳನೆಯ ಖಂಡವನ್ನು ಎಣಿಸಲಿಲ್ಲ. ಆ ಚಿತ್ರದಲ್ಲಿ ಪ್ರಾಣಿಯ ಬೆನ್ನು ಮಾತ್ರ ಇತ್ತು.

ಶಾಲೆಯಲ್ಲಿ ಎಲ್ಲಿಯವರೆಗೆ ಹೋಗಬಹುದು?

ಇಷ್ಟು ಓದಿದ ಮೇಲೆ 'ಇದು ನಮ್ಮ ಕೈಲಾಗುವ ಕೆಲಸವಲ್ಲ' ಎಂದು ನೀವು ಹಿಂಜರಿಯಬಾರದು. ಪ್ರಭೇದದವರೆಗೆ ಹೋಗಲಾಗದಿದ್ದರೂ ಗಣದವರೆಗೆ ಖಂಡಿತ ಹೋಗಬಹುದು. ಹೀಗೆ ಪ್ರಶ್ನೆ ಕೇಳುತ್ತ ಸಾಗಿ:

ನಡುಮೈಯ ಪ್ರತಿ ಖಂಡಕ್ಕೆ ಕಾಲು ಎಷ್ಟು ಜೊತೆ? ಒಂದೇ ಜೊತೆಯಾದರೆ ಅದು ಶತಪದಿ, ದೂರವಿರಿ, ಕಚ್ಚುತ್ತದೆ. ಎರಡು ಜೊತೆಯಾದರೆ ಸಹಸ್ರಪದಿ.

ಮುಟ್ಟಿದಾಗ ಗೋಲಿಯಂತೆ ಪೂರ್ತಿ ಉಂಡೆಯಾಗುತ್ತದೆಯೇ? ಹಾಗಾದರೆ ಅದು ಉಂಡೆ ಸಹಸ್ರಪದಿ ಇರಬಹುದು. ಆದರೆ ಕಾಲು ಎಣಿಸಿ. ಏಳೇ ಜೊತೆ ಇದ್ದರೆ ಅದು ಸಹಸ್ರಪದಿಯಲ್ಲ, ಏಡಿಯ ಬಳಗಕ್ಕೆ ಸೇರಿದ ಮರಹೇನು.

ಬೆನ್ನು ಚಪ್ಪಟೆಯಾಗಿ, ಖಂಡಗಳು ಸುಮಾರು ಇಪ್ಪತ್ತೇ ಇದ್ದು, ಕಣ್ಣುಗಳೇ ಇಲ್ಲವೇ? ಅದು ಪಾಲಿಡೆಸ್ಮಿಡಾ ಗಣ. ಇವುಗಳಲ್ಲಿ ಅನೇಕವು ಬೆದರಿದಾಗ ಹೈಡ್ರೋಜನ್ ಸಯನೈಡ್ ಬಿಡುಗಡೆ ಮಾಡುತ್ತವೆ. ಕಹಿ ಬಾದಾಮಿಯ ವಾಸನೆ ಬರುತ್ತದೆ.

ಮೈ ಉರುಳೆಯಾಕಾರವೇ? ತಲೆಯ ಮುಂಭಾಗವನ್ನು ಮಸೂರದಿಂದ ನೋಡಿ. ನಡುವೆ ಮೇಲಿನಿಂದ ಕೆಳಗೆ ಸ್ಪಷ್ಟವಾದ ಒಂದು ಸೀಳುಗೆರೆ ಇದ್ದರೆ ಸ್ಪೈರೋಬೋಲಿಡಾ ಗಣದ ಸಾಧ್ಯತೆ ಹೆಚ್ಚು. ಸೂರಿನ ಸಹಸ್ರಪದಿ ಝೆನೋಬೋಲಸ್ ಈ ಗಣದ್ದು. ಆ ಗೆರೆಯಿಲ್ಲದ ದೊಡ್ಡ ಉರುಳೆ ಸಹಸ್ರಪದಿ ನಮ್ಮಲ್ಲಿ ಸಾಮಾನ್ಯವಾಗಿ ಸ್ಪೈರೋಸ್ಟ್ರೆಪ್ಟಿಡಾ.

ಎಚ್ಚರಿಕೆಯ ಎರಡು ಮಾತು. ಉರುಳೆ ಸಹಸ್ರಪದಿಗಳು ಬೆದರಿದಾಗ ಮೈಯ ಎರಡು ಬದಿಯ ರಂಧ್ರಗಳಿಂದ ಕ್ವಿನೋನ್ ಎಂಬ ರಾಸಾಯನಿಕಗಳನ್ನು ಸ್ರವಿಸುತ್ತವೆ. ಇವು ಚರ್ಮಕ್ಕೆ ಕಂದು ಕಲೆ ಮಾಡುತ್ತವೆ, ಕಣ್ಣಿಗೆ ಬಿದ್ದರೆ ತೀವ್ರವಾಗಿ ಉರಿಯುತ್ತದೆ. ಬರಿಗೈಯಲ್ಲಿ ಹಿಡಿಯಬೇಡಿ, ಹಿಡಿದರೆ ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ಎರಡನೆಯದು, ಚಿಂಚೋಳಿಯ ಕಾಡು ವನ್ಯಜೀವಿಧಾಮ. ಅಲ್ಲಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾವ ಜೀವಿಯನ್ನೂ ತರುವಂತಿಲ್ಲ. ನೋಡಿ, ಚಿತ್ರ ತೆಗೆಯಿರಿ, ಎತ್ತಿದ ಕಲ್ಲನ್ನು ಇದ್ದಂತೆಯೇ ಮರಳಿ ಇಡಿ.

ಹೊಸದೆಂದು ಹೇಳುವ ಮುನ್ನ

ಕೆಲವೊಮ್ಮೆ ತಪ್ಪು ಇನ್ನೊಂದು ದಿಕ್ಕಿಗೆ ಹೋಗುತ್ತದೆ. ಹೋಲಿಕೆಯ ಚಿತ್ರ ಸಿಗಲಿಲ್ಲವೆಂದು 'ನಾವು ಹೊಸ ಪ್ರಭೇದ ಕಂಡುಹಿಡಿದೆವು' ಎನ್ನುವ ಉತ್ಸಾಹ ಅದು. ಹೊಸ ಪ್ರಭೇದವನ್ನು ವಿವರಿಸಲು ಕಟ್ಟುನಿಟ್ಟಾದ ದಾರಿಯಿದೆ. 2000ದ ಜನವರಿ 1ರಿಂದ ಜಾರಿಯಲ್ಲಿರುವ ಅಂತಾರಾಷ್ಟ್ರೀಯ ಪ್ರಾಣಿ ನಾಮಕರಣ ಸಂಹಿತೆಯ ನಾಲ್ಕನೆಯ ಆವೃತ್ತಿಯ ಪ್ರಕಾರ ಹೆಸರಿನ ಜೊತೆ ಇತರ ಪ್ರಭೇದಗಳಿಂದ ಬೇರ್ಪಡಿಸುವ ಲಕ್ಷಣಗಳ ವಿವರಣೆ ಪ್ರಕಟವಾಗಬೇಕು. ಹೆಸರನ್ನು ಹೊರುವ ಪ್ರರೂಪ ಮಾದರಿ ಯಾವುದೆಂದು ಸ್ಪಷ್ಟವಾಗಿ ಹೇಳಬೇಕು. ಅದನ್ನು ಯಾವ ಸಂಗ್ರಹಾಲಯದಲ್ಲಿ ಇಡಲಾಗಿದೆ ಎಂದೂ ತಿಳಿಸಬೇಕು. ಮುಂದೆ ಸಂಶಯ ಬಂದವರು ಹೋಗಿ ಆ ಮಾದರಿಯನ್ನೇ ನೋಡಲು ಸಾಧ್ಯವಿರಬೇಕು ಎಂಬುದು ಇದರ ಆಶಯ.

ಹತ್ತೊಂಬತ್ತನೆಯ ಶತಮಾನದ ಅನೇಕ ವಿವರಣೆಗಳು ಈ ಅಳತೆಗೆ ನಿಲ್ಲುವುದಿಲ್ಲ. ಬಣ್ಣ, ಉದ್ದ, ಖಂಡಗಳ ಸಂಖ್ಯೆ ಇಷ್ಟನ್ನೇ ಕೆಲವು ಸಾಲುಗಳಲ್ಲಿ ಬರೆದು, ಊರಿನ ಬದಲು 'ಭಾರತ' ಎಂದಷ್ಟೇ ನಮೂದಿಸಿದವೂ ಉಂಟು. ಅಂಥ ವಿವರಣೆ ಓದಿ ಇಂದು ಯಾವ ಪ್ರಾಣಿಯನ್ನೂ ಖಚಿತವಾಗಿ ಗುರುತಿಸಲಾಗದು. ಆಸ್ಟ್ರಿಯಾದ ಕಾರ್ಲ್ ಆಟೆಮ್ಸ್ 1936ರಲ್ಲಿ ಭಾರತದ ಸಹಸ್ರಪದಿಗಳ ಬಗ್ಗೆ ಪ್ರಕಟಿಸಿದ ದೊಡ್ಡ ಗ್ರಂಥ ಈ ವಿಷಯದಲ್ಲಿ ಬಹಳ ಮುಂದಿನ ಹೆಜ್ಜೆ. 2016ರಲ್ಲಿ ಗೊಲೊವಾಚ್ ಮತ್ತು ವೆಸೆನರ್ ಭಾರತದ ಪ್ರಭೇದಗಳ ಪಟ್ಟಿ ಮಾಡಿದಾಗ ಅದರಲ್ಲಿ ಸುಮಾರು 270 ಪ್ರಭೇದಗಳಿದ್ದವು. ಜಗತ್ತಿನಲ್ಲಿ ಇದುವರೆಗೆ ವಿವರಿಸಿರುವುದು ಸುಮಾರು 12,000. ಭಾರತದಂಥ ದೇಶಕ್ಕೆ 270 ಎಂಬುದು ಪ್ರಾಣಿಗಳ ಕೊರತೆಗಿಂತ ಹೆಚ್ಚಾಗಿ ನೋಡುವವರ ಕೊರತೆಯನ್ನು ಹೇಳುತ್ತದೆ. ನೋಡಿದವರೂ ಹೆಚ್ಚಾಗಿ ಮಳೆಕಾಡುಗಳತ್ತ ಹೋದರು. ಕರ್ನಾಟಕದಲ್ಲಿ ಒಳ್ಳೆಯ ಅಧ್ಯಯನಕ್ಕೆ ಒಳಗಾದದ್ದು ಪಶ್ಚಿಮ ಘಟ್ಟದ ಉಂಡೆ ಸಹಸ್ರಪದಿ ಆರ್ಥ್ರೋಸ್ಫೀರಾ. ಮಂಗಳೂರು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅದರ ಜೀವನಕ್ರಮವನ್ನೂ, ತರಗೆಲೆಯನ್ನು ಗೊಬ್ಬರವಾಗಿಸುವ ಅದರ ಸಾಮರ್ಥ್ಯವನ್ನೂ ಪರಿಶೀಲಿಸಿದ್ದಾರೆ. ಬಯಲುಸೀಮೆಯ ಕಲ್ಲುಗಳ ಕೆಳಗೆ ಬಗ್ಗಿ ನೋಡಿದವರು ಕಡಿಮೆ.

ಹುಡುಗಿಯ ಪ್ರಶ್ನೆಗೆ ಉತ್ತರ

ಈಗ ಫಲಕದ ಮೂರನೆಯ ಹೇಳಿಕೆಗೆ ಬರೋಣ: ಆಫ್ರಿಕಾದಿಂದ ಬಂದದ್ದು. ಪ್ರಾಣಿಗಳು ಖಂಡಾಂತರ ಹೋಗುವುದಿಲ್ಲವೆಂದಲ್ಲ. ಆಫ್ರಿಕಾದ ದೈತ್ಯ ಬಸವನಹುಳು ಭಾರತಕ್ಕೆ ಬಂದ ಕಥೆ ದಾಖಲಾಗಿದೆ. 1847ರಲ್ಲಿ ಬೆನ್ಸನ್ ಎಂಬಾತ ಮಾರಿಷಸ್‌ನಿಂದ ತಂದು ಕಲ್ಕತ್ತೆಯಲ್ಲಿ ಬಿಟ್ಟ. ಆಗ್ನೇಯ ಏಷ್ಯಾದ ಕೆಂಗಂದು ಸಹಸ್ರಪದಿ ಟ್ರೈಗೋನಿಯುಲಸ್ ಕೊರಾಲಿನಸ್ ಸಸಿ, ಮಣ್ಣುಗಳ ಸಾಗಾಟದೊಂದಿಗೆ ಅನೇಕ ಉಷ್ಣದೇಶಗಳಿಗೆ ಹರಡಿದೆ. ನಮ್ಮ ಕಡೆಯಿಂದ ಹೊರಟವೂ ಇವೆ: ದಕ್ಷಿಣ ಭಾರತ ಮತ್ತು ಶ್ರೀಲಂಕಾ ಮೂಲದ ಕಾಂಡ್ರೊಮಾರ್ಫಾ ಝಾಂಥೋಟ್ರಿಕಾ ಇಂದು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿದೆ. ಆದರೆ 'ಬಂದದ್ದು' ಎನ್ನಲು ಪ್ರಭೇದದ ಖಚಿತ ಗುರುತು, ಮೂಲ ನೆಲೆ, ಸಾಗಿದ ದಾರಿ, ಮೊದಲು ಕಂಡ ಕಾಲ ಇವುಗಳ ಸಾಕ್ಷ್ಯ ಬೇಕು. ನನ್ನ ಬಳಿ ಇವುಗಳಲ್ಲಿ ಒಂದೂ ಇರಲಿಲ್ಲ.

ಆಫ್ರಿಕಾದ ಕಡೆಯೊಂದಿಗೆ ನಮ್ಮ ಸಹಸ್ರಪದಿಗಳಿಗೆ ನಿಜವಾದ ನಂಟೂ ಉಂಟು. ಅದು ಹಡಗಿಗಿಂತ ಬಹಳ ಹಳೆಯದು. ಮಡಗಾಸ್ಕರಿನ ಸ್ಫೀರೋಮೈಮಸ್ ಎಂಬ ಉಂಡೆ ಸಹಸ್ರಪದಿಗೆ ಹತ್ತಿರದ ಬಂಧು ಆ ದ್ವೀಪದ ಇತರ ಉಂಡೆ ಸಹಸ್ರಪದಿಗಳಲ್ಲ, ನಮ್ಮ ಆರ್ಥ್ರೋಸ್ಫೀರಾ ಎಂದು ವೆಸೆನರ್ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿವೆ. ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ನೆಲವೇ ಸೀಳಿ ದೂರ ಸರಿದು ಬಂಧುಗಳನ್ನು ಅಗಲಿಸಿದ ಕಥೆ ಇದು. ಗಂಡುಗಳ ಉಪಾಂಗಗಳನ್ನೂ ಡಿಎನ್‌ಎಯನ್ನೂ ಸಾಲುಸಾಲಾಗಿ ಹೋಲಿಸಿದ್ದರಿಂದ ಈ ಕಥೆ ತಿಳಿಯಿತು. ಚಿತ್ರ ಒಂದೇ ರೀತಿ ಕಂಡಿತು ಎಂಬುದರಿಂದ ಅಲ್ಲ.

ತಪ್ಪು ಹೆಸರಿನ ಬೆಲೆ

ಒಂದು ಹುಳದ ಹೆಸರು ತಪ್ಪಾದರೆ ಏನಾಯಿತು ಎಂದು ನೀವು ಕೇಳಬಹುದು. ಮೊದಲನೆಯದಾಗಿ, 'ವಿದೇಶಿ ಹುಳ' ಎಂದ ಕೂಡಲೇ ಜನ ವಿಷದ ಪುಡಿ ಹುಡುಕುತ್ತಾರೆ. ತರಗೆಲೆಯನ್ನು ನುಗ್ಗುಮಾಡಿ ಮಣ್ಣಿಗೆ ಮರಳಿಸುವ ಕೆಲಸಗಾರ ಶತ್ರುವಾಗಿಬಿಡುತ್ತದೆ. ಎರಡನೆಯದಾಗಿ, ತಪ್ಪು ದಾಖಲೆ ಒಮ್ಮೆ ಸಾರ್ವಜನಿಕ ದತ್ತಾಂಶಕ್ಕೆ ಸೇರಿದರೆ ಅದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು ಹಾಗೆಯೇ ಬರೆಯುತ್ತಾರೆ.

ಮೂರನೆಯದು ಈ ಸೀಮೆಗೆ ವಿಶೇಷವಾದದ್ದು. ಸಹಸ್ರಪದಿಯ ಮೈಕವಚದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ. ಸುಣ್ಣದ ಅಂಶವಿರುವ ನೆಲ ಅನೇಕ ಪ್ರಭೇದಗಳಿಗೆ ಅನುಕೂಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಇರುವುದು ಸುಣ್ಣಕಲ್ಲಿನ ಮೇಲೆ. ಚಿಂಚೋಳಿಯಲ್ಲಿ ಜಂಬಿಟ್ಟಿಗೆಯ ನೆಲವೂ ಕುರುಚಲು ಕಾಡೂ ಇವೆ. ಒಂದೇ ಜಿಲ್ಲೆಯೊಳಗೆ ಎರಡು ಬಗೆಯ ನೆಲ, ಎರಡು ಬಗೆಯ ತರಗೆಲೆ. ಸಹಸ್ರಪದಿ ಹಾರುವುದಿಲ್ಲ, ವೇಗವಾಗಿ ಓಡುವುದಿಲ್ಲ. ಆದ್ದರಿಂದಲೇ ಚಿಕ್ಕ ಪ್ರದೇಶಕ್ಕೆ ಸೀಮಿತವಾದ ಪ್ರಭೇದಗಳು ಈ ವರ್ಗದಲ್ಲಿ ಸಾಮಾನ್ಯ. ಸಿಮೆಂಟಿಗೂ ಹಾಸುಗಲ್ಲಿಗೂ ಗಣಿ ತೋಡುವಾಗ ಮೊದಲು ಹೋಗುವುದು ಮೇಲ್ಮಣ್ಣು, ಅದರೊಂದಿಗೆ ಈ ಜೀವಿಗಳು. ಕಲ್ಲು ನಮಗೆ ಬೇಕು. ಮನೆ, ರಸ್ತೆ, ದುಡಿಮೆ ಎಲ್ಲವೂ ಅದರಿಂದಲೇ. ಆದರೆ ಒಂದು ಪ್ರಭೇದ ಇಲ್ಲಿಯದೇ ಆಗಿದ್ದು, ಅದಕ್ಕೆ ನಾವು ಮೊಜಾಂಬಿಕ್‌ನ ಹೆಸರು ಬರೆದಿಟ್ಟರೆ, ಅದು ಅಳಿದ ದಿನ ಯಾರಿಗೂ ತಿಳಿಯುವುದಿಲ್ಲ. ದಾಖಲೆಯ ಪ್ರಕಾರ ಆ ಪ್ರಾಣಿ ಆಫ್ರಿಕಾದಲ್ಲಿ ಸುಖವಾಗಿಯೇ ಇರುತ್ತದೆ!

ಹೀಗೆ ಬರೆಯೋಣ

ಆ ಫಲಕವನ್ನು ಇಂದು ಬರೆಯುವುದಾದರೆ ಮಕ್ಕಳಿಗೆ ಹೀಗೆ ಹೇಳುತ್ತೇನೆ. ಗಣ: ಸ್ಪೈರೋಸ್ಟ್ರೆಪ್ಟಿಡಾ, ತಲೆಯ ಮೇಲಿನ ಗೆರೆಯನ್ನು ಪರೀಕ್ಷಿಸಿದ ಮೇಲೆ. ಪ್ರಭೇದ: ಗುರುತಿಸಿಲ್ಲ. ಸ್ಥಳ: ಊರು, ತಾಲ್ಲೂಕು, ಯಾವ ಕಲ್ಲಿನ ಕೆಳಗೆ, ಸುತ್ತ ಯಾವ ಮರ. ದಿನಾಂಕ, ವೇಳೆ, ಮಳೆ ಬಿದ್ದು ಎಷ್ಟು ದಿನ. ಉದ್ದ, ಖಂಡಗಳ ಸಂಖ್ಯೆ, ಗಂಡೋ ಹೆಣ್ಣೋ. ಚಿತ್ರಗಳು ನಾಲ್ಕು: ಬೆನ್ನು, ಪಕ್ಕ, ತಲೆಯ ಮುಂಭಾಗ, ಏಳನೆಯ ಖಂಡದ ಕೆಳಭಾಗ. ಪಕ್ಕದಲ್ಲಿ ಅಳತೆಪಟ್ಟಿ ಇರಲೇಬೇಕು. 'ಗುರುತಿಸಿಲ್ಲ' ಎಂದು ಬರೆದ ತಂಡಕ್ಕೆ ಅಂಕ ಕಡಿಮೆಯಾಗದಂತೆ ನೋಡಿಕೊಳ್ಳುವುದು ತೀರ್ಪುಗಾರರಾಗುವ ನಿಮ್ಮ ಹೊಣೆ. ಖಾಲಿ ಬಿಟ್ಟ ಆ ಜಾಗವನ್ನು ಮುಂದೆ ಯಾರಾದರೂ ಸರಿಯಾಗಿ ತುಂಬಬಹುದು. ತಪ್ಪು ಹೆಸರು ತುಂಬಿದ ಜಾಗವನ್ನು ಯಾರೂ ಮತ್ತೆ ನೋಡುವುದಿಲ್ಲ.

ನಿಮ್ಮ ಶಾಲೆಯ ಭರಣಿಯ ಚೀಟಿಯನ್ನು ಈ ವಾರವೇ ಒಮ್ಮೆ ಓದಿ. 'ಜೂಲಸ್' ಎಂದಿದ್ದರೆ ಕೈಮಸೂರ ತನ್ನಿ. ಖಂಡಗಳನ್ನು ಎಣಿಸುವಾಗ ಕೊರಳಪಟ್ಟಿಯನ್ನು ಒಂದು ಎಂದು ಹಿಡಿಯುವುದನ್ನು ಮರೆಯಬೇಡಿ. ಏಳನೆಯದರಲ್ಲಿ ನಿಮಗೆ ಏನು ಕಂಡಿತು?